ಬಂಗುಡೆ ಸತ್ತು ಎಷ್ಟು ಹೊತ್ತಾಯಿತು?

ಗಂಗೊಳ್ಳಿ ಬಂದರಿನ ಮೀನು ನಮ್ಮ ವಂಡ್ಸೆಗೆ ಬೈಕಿನಲ್ಲಿ ಬರುತ್ತದೆ. ಹಾರ್ನ್ ಕೇಳಿದೊಡನೆ ಪಾತ್ರೆ ಹಿಡಿದು ಓಡುವುದು ನನ್ನ ಪಾಲಿನ ಕೆಲಸ. ಕಳೆದ ವಾರ ಮೊಮ್ಮಗಳೂ ಬಂದಳು.

“ಅಜ್ಜಯ್ಯ, ಈ ಬಂಗುಡೆ ಯಾವಾಗ ಸತ್ತದ್ದ್?”

“ಇವತ್ತಿಂದೇ ಮರಾಯ್ರೆ, ಕಣ್ಣ್ ಕಾಣಿ!” ಎಂದರು ಮಾರುವವರು.

ಕಣ್ಣು ಹೊಳೆಯುತ್ತಿತ್ತು, ಕಿವಿರು ಕೆಂಪಗಿತ್ತು. ಆದರೆ ಮಕ್ಕಳೇ, ಅವಳ ಪ್ರಶ್ನೆಗೆ ಇನ್ನೂ ಖಚಿತವಾದ ಉತ್ತರ ಮೀನಿನ ಮಾಂಸದೊಳಗಿದೆ.

ಸ್ನಾಯು ಕೆಲಸ ಮಾಡಲು ಎಟಿಪಿ ಎಂಬ ಅಣು ಬೇಕು. ಬ್ಯಾಂಕ್ ಖಾತೆಯ ದುಡ್ಡಿನಂತೆ ಅದು ಖರ್ಚಾಗುತ್ತದೆ, ಮತ್ತೆ ಜಮೆಯಾಗುತ್ತದೆ. ಸತ್ತ ಮೇಲೆ ಸ್ವಲ್ಪ ಹೊತ್ತಿನಲ್ಲೇ ಜಮೆ ನಿಲ್ಲುತ್ತದೆ, ಖರ್ಚು ಮಾತ್ರ ನಡೆಯುತ್ತದೆ. ಎಟಿಪಿ ತೀರಿದಾಗ ಸ್ನಾಯು ಸಡಿಲಗೊಳ್ಳಲಾರದೆ ಮೀನು ಸೆಟೆಯುತ್ತದೆ. ಎಟಿಪಿ ಹಂತಹಂತವಾಗಿ ಒಡೆದು ಮೊದಲು ರುಚಿ ಕೊಡುವ ಐಎಂಪಿ, ಆಮೇಲೆ ಇನೊಸಿನ್, ಬಳಿಕ ಕಹಿಯಾದ ಹೈಪೊಕ್ಸಾಂಥಿನ್ ಆಗುತ್ತದೆ. 1959ರಲ್ಲಿ ಜಪಾನಿನ ವಿಜ್ಞಾನಿಗಳು, ಒಟ್ಟು ಮೊತ್ತದಲ್ಲಿ ಈ ಕೊನೆಯ ಎರಡರ ಪಾಲನ್ನು ಅಳೆದು ‘ಕೆ ಮೌಲ್ಯ’ ಎಂದು ಕರೆದರು. ಅದು ಶೇ. 20ರೊಳಗಿದ್ದರೆ ಅಲ್ಲಿ ಮೀನನ್ನು ಹಸಿಯಾಗಿಯೇ ತಿನ್ನುವಷ್ಟು ತಾಜಾ ಎಂದು ಲೆಕ್ಕ.

ಮನುಷ್ಯರು ಸತ್ತ ಹೊತ್ತನ್ನು ಅಂದಾಜಿಸುವ ವೈದ್ಯರ ದಾರಿಯೂ ಇಂಥದ್ದೇ. ದೇಹದ ಬಿಸಿ, ಸೆಟೆತ, ಕಣ್ಣಿನೊಳಗಿನ ದ್ರವದಲ್ಲಿ ಏರುತ್ತ ಹೋಗುವ ಪೊಟ್ಯಾಸಿಯಂ ಅವರಿಗೆ ಸುಳಿವು ಕೊಡುತ್ತವೆ.

ಆದರೆ ಈ ಗಡಿಯಾರದ ವೇಗ ಒಂದೇ ಅಲ್ಲ. ಬಿಸಿಲಲ್ಲಿ ಓಡುತ್ತದೆ, ಐಸಿನಲ್ಲಿ ತೆವಳುತ್ತದೆ. ಹಾಗಾಗಿ ಮೀನು ಯಾವಾಗ ಸತ್ತಿತು ಎಂಬಷ್ಟೇ, ಆಮೇಲೆ ಅದನ್ನು ಹೇಗೆ ಇಟ್ಟಿದ್ದರು ಎಂಬುದೂ ಮುಖ್ಯ.

ಇದನ್ನು ನಾನು ಮೈಮೇಲೆಯೇ ಕಲಿತೆ. ಒಂದು ಮಧ್ಯಾಹ್ನ ಅಗ್ಗಕ್ಕೆ ಸಿಕ್ಕಿತೆಂದು ಐಸಿಲ್ಲದ ಬಂಗುಡೆ ತಂದಿದ್ದೆ. ಸಾರು ಚೆನ್ನಾಗಿಯೇ ಕುದಿದಿತ್ತು. ಉಂಡ ಅರ್ಧ ಗಂಟೆಯಲ್ಲಿ ಮುಖ ಕೆಂಪಾಯಿತು, ಮೈಯೆಲ್ಲ ತುರಿಕೆ, ತಲೆ ಸಿಡಿತ. ಡಾಕ್ಟರು ಕಾರಣ ಬಿಡಿಸಿ ಹೇಳಿದರು. ಬಂಗುಡೆ, ಬೈಗೆಯಂಥ ಮೀನಿನಲ್ಲಿ ಹಿಸ್ಟಿಡಿನ್ ಹೆಚ್ಚು. ಐಸಿಲ್ಲದೆ ಇಟ್ಟರೆ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಮಾಡುತ್ತವೆ. ಕೆಟ್ಟ ವಾಸನೆ ಬಾರದೆಯೂ ಅದು ಇರಬಹುದು. ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತವೆ, ಹಿಸ್ಟಮಿನ್ ಹೋಗುವುದಿಲ್ಲ.

ಮೊಮ್ಮಗಳಿಗೆ ಇಷ್ಟೂ ಹೇಳಿದೆ. ಮರುದಿನ ಹಾರ್ನ್ ಕೇಳಿದಾಗ ನನಗಿಂತ ಮೊದಲು ಗೇಟಿಗೆ ಓಡಿದವಳು ಅವಳೇ. ಮೀನಿನ ಕಣ್ಣು ನೋಡಲಿಲ್ಲ, ಪೆಟ್ಟಿಗೆಯೊಳಗೆ ಇಣುಕಿ ಕೇಳಿದಳು:

“ಐಸ್ ಎಲ್ಲಿತ್?”