ಕೊನೆಯ 20 ಪರ್ಸೆಂಟ್ ಯಾರದು?

ಎಲೆಕ್ಟ್ರಿಕ್ ಕಾರಿನ ಮಾತು ಬಂದ್ರೆ ಹಾಸ್ಟೆಲ್‌ನಲ್ಲಿ ಮೊದಲ ಪ್ರಶ್ನೆ ಒಂದೇ: "ರೇಂಜ್ ಎಷ್ಟು ಬರುತ್ತೆ?" ಈ ಪ್ರಶ್ನೆಯನ್ನ ಸ್ವಲ್ಪ ಕಷ್ಟದ ಜಾಗದಲ್ಲಿ ಇಟ್ಟು ನೋಡೋಣ. ಕಾರಿನಲ್ಲಿ ಒಬ್ಬ ಗರ್ಭಿಣಿ ಇದ್ದಾಳೆ, ಡಿಕ್ಕಿ ತುಂಬ ಮನೆ ಸಾಮಾನು ಇದೆ, ಮುಂದೆ ಅರ್ಧ ದೇಶ ಇದೆ.

ಲೆಕ್ಕಕ್ಕೆ ಅಂತ ಒಬ್ಬ ಅಕ್ಕ, ಒಬ್ಬ ಭಾವ ಇಟ್ಕೊಳ್ಳೋಣ. ಇಬ್ಬರಿಗೂ ಕೆಲಸ ಗುರುಗ್ರಾಮದಲ್ಲಿ. ಹೆರಿಗೆ, ಬಾಣಂತನ ತವರಿನಲ್ಲೇ ಆಗಲಿ ಅಂತ ಬೆಂಗಳೂರಿಗೆ ಮನೆ ಬದಲಾಯಿಸ್ತಾ ಇದ್ದಾರೆ. ಅಕ್ಕನಿಗೆ ಈಗ 22 ವಾರ. ದಾರಿ ರಾಷ್ಟ್ರೀಯ ಹೆದ್ದಾರಿ 48: ಜೈಪುರ, ಉದಯಪುರ, ಅಹಮದಾಬಾದ್, ಸೂರತ್, ಮುಂಬೈ, ಪುಣೆ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ, ಚಿತ್ರದುರ್ಗ, ತುಮಕೂರು, ಬೆಂಗಳೂರು. ಒಟ್ಟು ಸುಮಾರು 2,450 ಕಿ.ಮೀ. ಕಾರಿನ ಬ್ಯಾಟರಿ 45 ಯೂನಿಟ್. ಕರೆಂಟ್ ಬಿಲ್‌ನಲ್ಲಿ ಬರೋ ಅದೇ ಯೂನಿಟ್, ಅಂದ್ರೆ ಕಿಲೋವ್ಯಾಟ್ ಅವರ್.

ಮೊದಲು ಡಾಕ್ಟರ್, ಆಮೇಲೆ ಚಾರ್ಜರ್

"ಅಕ್ಕ ಫ್ಲೈಟ್‌ನಲ್ಲಿ ಬರಲಿ, ಭಾವ ಕಾರು ತರಲಿ" ಅಂತ ನೀವು ಹೇಳಬಹುದು. ಅದು ಒಳ್ಳೆ ಉತ್ತರವೇ. ರಕ್ತಸ್ರಾವ ಆಗಿದ್ರೆ, ಬಿಪಿ ಜಾಸ್ತಿ ಇದ್ರೆ, ಗರ್ಭದ ಮಾಸು ಕೆಳಗಿದ್ರೆ, ಹಿಂದಿನ ಹೆರಿಗೆ ಅವಧಿಗೆ ಮುಂಚೆ ಆಗಿದ್ರೆ, ಡಾಕ್ಟರ್ ಬೇಡ ಅಂದ್ರೆ ಅಲ್ಲಿಗೆ ಮುಗೀತು. ಲೆಕ್ಕ ಶುರುವಾಗೋದು ಡಾಕ್ಟರ್ ಹೂಂ ಅಂದ ಮೇಲೆ.

ಹೂಂ ಅಂದ್ರೂ ಕೆಲವು ಮಿತಿಗಳಿವೆ. ಪ್ರಯಾಣಕ್ಕೆ ಅನುಕೂಲವಾದ ಕಾಲ 14ರಿಂದ 28 ವಾರ. ಅದಕ್ಕೆ ಮೊದಲು ವಾಂತಿ, ಸುಸ್ತು. ಅದಾದ ಮೇಲೆ ಕೂರೋದೇ ಕಷ್ಟ. ಕಾರಿನಲ್ಲಿ ದಿನಕ್ಕೆ 5-6 ಗಂಟೆಗಿಂತ ಹೆಚ್ಚು ಬೇಡ ಅಂತ ಪ್ರಸೂತಿ ತಜ್ಞರು ಹೇಳ್ತಾರೆ. ಎರಡು ಗಂಟೆಗೊಮ್ಮೆಯಾದ್ರೂ ಇಳಿದು ನಡೀಬೇಕು. ಕಾರಣ ಬರೀ ಬೆನ್ನುನೋವಲ್ಲ. ಗರ್ಭಿಣಿಯರಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಉಳಿದ ಹೆಂಗಸರಿಗಿಂತ 4-5 ಪಟ್ಟು ಹೆಚ್ಚು. ಕಾಲು ಆಡಿಸದೆ ತುಂಬ ಹೊತ್ತು ಕೂತ್ರೆ ಕಾಲಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಬಹುದು. ಅದು ಅಲ್ಲಿಂದ ಹೊರಟು ಶ್ವಾಸಕೋಶ ಸೇರಿದ್ರೆ ಜೀವಕ್ಕೇ ಅಪಾಯ.

ಬಾಟಲ್‌ನೆಕ್ ಎಲ್ಲಿದೆ?

ಈಗ ನಮ್ಮ ಸಬ್ಜೆಕ್ಟ್‌ಗೆ ಬರೋಣ. ಹೆದ್ದಾರಿಯಲ್ಲಿ ಎಸಿ ಹಾಕ್ಕೊಂಡು, ಸಾಮಾನು ತುಂಬ್ಕೊಂಡು ಹೋದ್ರೆ 100 ಕಿ.ಮೀ.ಗೆ ಅಂದಾಜು 16 ಯೂನಿಟ್ ಬೇಕು ಅಂತ ಇಟ್ಕೊಳ್ಳಿ. ಸರಾಸರಿ ವೇಗ ಗಂಟೆಗೆ 65 ಕಿ.ಮೀ. ಐದೂವರೆ ಗಂಟೆಗೆ ಸುಮಾರು 350 ಕಿ.ಮೀ. ಆಯ್ತು. 2,450ನ್ನ 350ರಿಂದ ಭಾಗಿಸಿದ್ರೆ 7 ದಿನ.

ಇದೇ ಕಾರನ್ನ ನಾವು ನಾಲ್ಕು ಜನ ಫ್ರೆಂಡ್ಸ್ ಸರದಿ ಮೇಲೆ ಓಡಿಸಿದ್ರೆ, ಮಧ್ಯೆ ಮಧ್ಯೆ ಫಾಸ್ಟ್ ಚಾರ್ಜ್ ಮಾಡ್ಕೊಂಡು ದಿನಕ್ಕೆ 700 ಕಿ.ಮೀ. ಹೋಗಬಹುದು. ಅಂದ್ರೆ ಇಲ್ಲಿ ಪ್ರಯಾಣದ ವೇಗ ನಿರ್ಧರಿಸ್ತಾ ಇರೋದು ಬ್ಯಾಟರಿ ಅಲ್ಲ, ಅಕ್ಕನ ದೇಹ. ಎರಡು ಪಟ್ಟು ದೊಡ್ಡ ಬ್ಯಾಟರಿ ಹಾಕಿದ್ರೂ ಏಳು ದಿನ ಆರಾಗಲ್ಲ. ಬಾಟಲ್‌ನೆಕ್ ಅಲ್ಲದ ಕಡೆ ಎಷ್ಟು ಸುಧಾರಣೆ ಮಾಡಿದ್ರೂ ಔಟ್‌ಪುಟ್ ಬದಲಾಗಲ್ಲ ಅಂತ ಓದಿದ್ದೀವಲ್ಲ, ಇದು ಅದೇ.

ಇದರಿಂದ ಒಂದು ಲಾಭ ಇದೆ. ದಿನಕ್ಕೆ 350 ಕಿ.ಮೀ. ಸಾಕು ಅಂದ್ಮೇಲೆ ರಾತ್ರಿ ಪೂರ್ತಿ ಕಾರು ನಿಂತೇ ಇರುತ್ತೆ. ಉಳ್ಕೊಳ್ಳೋ ಹೋಟೆಲ್‌ನಲ್ಲಿ 7.2 ಕಿಲೋವ್ಯಾಟ್ ಎಸಿ ಚಾರ್ಜರ್ ಇದ್ರೆ ಸುಮಾರು 7 ಗಂಟೆಯಲ್ಲಿ ಬ್ಯಾಟರಿ ತುಂಬುತ್ತೆ. ಬರೀ 15 ಆಂಪಿಯರ್ ಸಾಕೆಟ್ ಇದ್ರೂ 10 ಗಂಟೆಯಲ್ಲಿ ಸುಮಾರು 30 ಯೂನಿಟ್ ಸಿಗುತ್ತೆ. ಬೆಳಿಗ್ಗೆ 100 ಪರ್ಸೆಂಟ್‌ನಲ್ಲಿ ಹೊರಟು 20ಕ್ಕೆ ನಿಲ್ಲಿಸಿದ್ರೆ 36 ಯೂನಿಟ್, ಅಂದ್ರೆ 225 ಕಿ.ಮೀ. ಅದರ ನಡುವೆ ಒಂದು ಸಲ ಇಳಿದು ನಡೆಯೋದು. ಆಮೇಲೆ ಊಟದ ಹೊತ್ತಿಗೆ ಫಾಸ್ಟ್ ಚಾರ್ಜರ್‌ನಲ್ಲಿ 20ರಿಂದ 65 ಪರ್ಸೆಂಟ್: ಸರಾಸರಿ 40 ಕಿಲೋವ್ಯಾಟ್ ಬಂದ್ರೆ ಅರ್ಧ ಗಂಟೆ. ಉಳಿದ 125 ಕಿ.ಮೀ.ಗೆ ಅಷ್ಟು ಸಾಕು. ದಿನಕ್ಕೆ ಒಂದೇ ಒಂದು ಫಾಸ್ಟ್ ಚಾರ್ಜ್! ಹಾಗಾಗಿ ಮೊದಲು ಹುಡುಕಬೇಕಾದ್ದು ಚಾರ್ಜಿಂಗ್ ಇರೋ ಹೋಟೆಲ್. ಹೆದ್ದಾರಿ ಚಾರ್ಜರ್ ಆಮೇಲೆ.

ದಾರಿಯಲ್ಲಿ 80 ದಾಟಿಸಿ ಚಾರ್ಜ್ ಮಾಡ್ತಾ ಕೂರಬೇಡಿ. ಸೆಲ್‌ನ ವೋಲ್ಟೇಜ್ ಮೇಲಿನ ಮಿತಿ ಹತ್ತಿರ ಬಂದಂತೆ ಕರೆಂಟ್ ಇಳಿಸಲೇಬೇಕು, ಇಲ್ಲದಿದ್ರೆ ಸೆಲ್ ಹಾಳಾಗುತ್ತೆ. ಅದಕ್ಕೇ ಕೊನೆಯ 20 ಪರ್ಸೆಂಟ್ ತುಂಬೋದು ಅಷ್ಟು ನಿಧಾನ.

ಎಸಿ ಆಫ್ ಮಾಡಬೇಡಿ

ಚಾರ್ಜ್ ಇಳೀತಾ ಬಂದ್ರೆ ಎಲ್ಲರ ಕೈ ಹೋಗೋದು ಎಸಿ ಬಟನ್‌ಗೆ. ರಾಜಸ್ಥಾನದ ಬಿಸಿಲಲ್ಲಿ ಗರ್ಭಿಣಿಯನ್ನ ಕೂರಿಸ್ಕೊಂಡು ಆ ಕೆಲಸ ಮಾಡಬೇಡಿ. ಮಾಡೋ ಅಗತ್ಯವೂ ಇಲ್ಲ. ಎಸಿ 2 ಕಿಲೋವ್ಯಾಟ್ ತಗೊಂಡ್ರೆ, 90ರ ವೇಗದಲ್ಲಿ ಅದು ಪ್ರತಿ ಕಿ.ಮೀ.ಗೆ 22 ವ್ಯಾಟ್ ಅವರ್. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ. ಒಂದು ಸಾಮಾನ್ಯ ಎಸ್‌ಯುವಿಗೆ ಲೆಕ್ಕ ಹಾಕಿದ್ರೆ 100ರಲ್ಲಿ ಕಿ.ಮೀ.ಗೆ ಸುಮಾರು 103 ವ್ಯಾಟ್ ಅವರ್, 90ರಲ್ಲಿ ಸುಮಾರು 83. ವ್ಯತ್ಯಾಸ 20. ಅಂದ್ರೆ ವೇಗವನ್ನ 10 ಕಿ.ಮೀ. ಇಳಿಸಿದ್ರೆ ಎಸಿಯ ಖರ್ಚು ಹೆಚ್ಚುಕಡಿಮೆ ಅಲ್ಲೇ ವಾಪಸ್ ಬಂತು.

ಸಾಮಾನಿನ ತೂಕಕ್ಕೂ ಜನ ಸುಮ್ಮನೆ ಹೆದರ್ತಾರೆ. ಸಮತಟ್ಟು ರಸ್ತೆಯಲ್ಲಿ 100 ಕೆ.ಜಿ. ಹೆಚ್ಚಾದ್ರೆ ಕಿ.ಮೀ.ಗೆ ಸುಮಾರು 3 ವ್ಯಾಟ್ ಅವರ್ ಮಾತ್ರ ಹೆಚ್ಚು. ಆದ್ರೆ ಅದನ್ನೇ ತಲೆ ಮೇಲಿನ ಕ್ಯಾರಿಯರ್‌ಗೆ ಕಟ್ಟಿದ್ರೆ ಗಾಳಿಯ ತಡೆ ಏರಿ ಇನ್ನೂ ಜಾಸ್ತಿ ಹೋಗುತ್ತೆ. ಡಿಕ್ಕಿಯಲ್ಲಿ ಹಿಡಿಯದ್ದನ್ನ ಲಾರಿಗೆ ಹಾಕಿ. ತೂಕದ ಪರಿಣಾಮ ಗೊತ್ತಾಗೋದು ಘಾಟಿಯಲ್ಲಿ: ಮುಂಬೈ-ಪುಣೆ ನಡುವೆ ಖಂಡಾಲ ಘಾಟಿ ಏರುವಾಗ ಸುಮಾರು 550 ಮೀಟರ್ ಎತ್ತರ. 1,900 ಕೆ.ಜಿ. ಕಾರಿಗೆ ಅಷ್ಟಕ್ಕೇ 3 ಯೂನಿಟ್ ಬೇಕು, ಬ್ಯಾಟರಿಯ ಸುಮಾರು 7 ಪರ್ಸೆಂಟ್.

ಆ 20 ಪರ್ಸೆಂಟ್

"20ಕ್ಕೇ ಯಾಕೆ ನಿಲ್ಲಿಸಬೇಕು, 5ರವರೆಗೂ ಓಡಿಸಬಹುದಲ್ವಾ?" ನಾವು ನಾಲ್ಕು ಜನ ಹೋದ್ರೆ ಓಡಿಸಬಹುದು. ಕೆಟ್ಟು ನಿಂತ್ರೆ ಢಾಬಾದಲ್ಲಿ ಚಹಾ ಕುಡಿದು ನಗ್ತೀವಿ. ಅಕ್ಕ ಇದ್ದಾಗ 20 ಪರ್ಸೆಂಟ್ ಅಂದ್ರೆ 9 ಯೂನಿಟ್, ಅಂದ್ರೆ 56 ಕಿ.ಮೀ. ಅದು ಮುಂದಿನ ಚಾರ್ಜರ್‌ಗಾಗಿ ಇಟ್ಟದ್ದಲ್ಲ. ದಾರಿ ಬಿಟ್ಟು ಆಸ್ಪತ್ರೆ ಕಡೆ ತಿರುಗಬೇಕಾಗಿ ಬಂದ್ರೆ ಅಂತ ಇಟ್ಟದ್ದು. ರಕ್ತ ಕಂಡ್ರೆ, ನೀರು ಹೋದ್ರೆ, ಹೊಟ್ಟೆನೋವು ಬಿಡದಿದ್ರೆ, ತಲೆನೋವು ತಡೆಯಲಾಗದಷ್ಟಾದ್ರೆ, ಒಂದೇ ಕಾಲು ಊದಿ ನೋಯ್ತಾ ಇದ್ರೆ, ಉಸಿರು ಕಟ್ಟಿದ ಹಾಗಾದ್ರೆ, ಆ ಹೊತ್ತಿಗೆ ಚಾರ್ಜ್ ಹುಡುಕೋ ಸ್ಥಿತಿ ಇರಬಾರದು.

ಹಾಗಾಗಿ ಮ್ಯಾಪ್‌ನಲ್ಲಿ ಚಾರ್ಜರ್ ಗುರುತು ಹಾಕೋವಾಗಲೇ ಪ್ರತಿ ಹಂತಕ್ಕೂ ಹೆರಿಗೆ ಸೌಲಭ್ಯ ಇರೋ ಒಂದು ಆಸ್ಪತ್ರೆಯನ್ನೂ ಗುರುತು ಹಾಕಿ. ಈ ದಾರಿಯ ರಾಜ್ಯಗಳಲ್ಲಿ ಆಂಬ್ಯುಲೆನ್ಸ್‌ಗೆ 108, ಹೆದ್ದಾರಿ ಸಹಾಯಕ್ಕೆ 1033. ತಾಯಿ ಕಾರ್ಡ್, ಸ್ಕ್ಯಾನ್, ರಕ್ತ ಪರೀಕ್ಷೆ ರಿಪೋರ್ಟ್‌ಗಳು ಡಿಕ್ಕಿಯ ತಳದಲ್ಲಲ್ಲ, ಕೈಗೆ ಸಿಗೋ ಚೀಲದಲ್ಲಿರಲಿ.

ಚಾರ್ಜರ್ ಕೆಟ್ಟಿದ್ರೆ? ಒಂದು ಚಾರ್ಜರ್ ಕೆಲಸ ಮಾಡೋ ಸಂಭವ 80 ಪರ್ಸೆಂಟ್ ಅಂತ ಊಹಿಸಿದ್ರೆ, ಎರಡರಲ್ಲಿ ಒಂದಾದ್ರೂ ಕೆಲಸ ಮಾಡೋ ಸಂಭವ 96. ಆದ್ರೆ ಈ ಲೆಕ್ಕ ನಿಲ್ಲೋದು ಎರಡೂ ಸ್ವತಂತ್ರ ಘಟನೆಗಳಾದ್ರೆ ಮಾತ್ರ. ಒಂದೇ ಬಂಕ್‌ನ ಎರಡು ಗನ್‌ಗಳಿಗೆ ಲೈನ್ ಒಂದೇ. ಕರೆಂಟ್ ಹೋದ್ರೆ ಎರಡೂ ಹೋಗುತ್ತೆ. ಬದಲಿ ಚಾರ್ಜರ್ ಬೇರೆ ಊರಲ್ಲಿರಲಿ.

ಬೆಲ್ಟ್ ಮತ್ತು ಬ್ರೇಕ್

ಹೊಟ್ಟೆಗೆ ಒತ್ತುತ್ತೆ ಅಂತ ಬೆಲ್ಟ್ ಬಿಡೋದು ದೊಡ್ಡ ತಪ್ಪು. ಕೆಳಗಿನ ಪಟ್ಟಿ ಹೊಟ್ಟೆಯ ಕೆಳಗೆ ಸೊಂಟದ ಎಲುಬಿನ ಮೇಲೆ, ಮೇಲಿನ ಪಟ್ಟಿ ಎದೆಯ ನಡುವಿನಿಂದ ಹೊಟ್ಟೆಯ ಪಕ್ಕಕ್ಕೆ ಬರಬೇಕು. ಮುಂದಿನ ಸೀಟಿನಲ್ಲಿ ಕೂತ್ರೆ ಎದೆಗೂ ಡ್ಯಾಶ್‌ಬೋರ್ಡ್‌ಗೂ ನಡುವೆ ಕನಿಷ್ಠ 25 ಸೆಂ.ಮೀ. ಇರಲಿ. ಏರ್‌ಬ್ಯಾಗ್ ಆಫ್ ಮಾಡಬೇಡಿ. ಇನ್ನು ಎಲೆಕ್ಟ್ರಿಕ್ ಕಾರಿನದ್ದೇ ಒಂದು ವಿಷಯ: ಆಕ್ಸಿಲರೇಟರ್‌ನಿಂದ ಕಾಲು ತೆಗೆದ ತಕ್ಷಣ ರೀಜನರೇಟಿವ್ ಬ್ರೇಕಿಂಗ್ ಕಾರನ್ನ ಹಿಡಿದು ಎಳೆಯುತ್ತೆ. ಕೆಲವರಿಗೆ ಆ ಜಗ್ಗಾಟಕ್ಕೇ ಹೊಟ್ಟೆ ತೊಳೆಸುತ್ತೆ. ಭಾವ ಅದನ್ನ ಕಡಿಮೆ ಲೆವೆಲ್‌ಗೆ ಇಟ್ಟು ನಯವಾಗಿ ಓಡಿಸಿದ್ರೆ ಕಳ್ಕೊಳ್ಳೋದು ಅಲ್ಪಸ್ವಲ್ಪ ಚಾರ್ಜ್ ಅಷ್ಟೇ.

"ಬ್ಯಾಟರಿ ಮೇಲೆ ಬಸುರಿ ಕೂರಬಹುದೇನೋ?" ಅಂತ ಅಜ್ಜಿ ಕೇಳೇ ಕೇಳ್ತಾರೆ. ನಗಬೇಡಿ, ಉತ್ತರ ಹೇಳಿ: ಇಂಥ ಕಾರುಗಳೊಳಗಿನ ಅಯಸ್ಕಾಂತ ಕ್ಷೇತ್ರವನ್ನ ಅಳೆದು ನೋಡಿದ್ದಾರೆ, ಅದು ಸುರಕ್ಷತೆಯ ಅಂತಾರಾಷ್ಟ್ರೀಯ ಮಿತಿಯೊಳಗೇ ಇದೆ.

ನಾಳೆ ನಮ್ಮಲ್ಲೇ ಯಾರಾದ್ರೂ ರೂಟ್ ಪ್ಲಾನ್ ಮಾಡೋ ಆಪ್ ಬರೀಬಹುದು. ಈಗ ಅಂಥ ಆಪ್ ಸಾಮಾನ್ಯವಾಗಿ ಕೇಳೋದು ಕಾರಿನ ಮಾಡೆಲ್, ಚಾರ್ಜ್ ಎಷ್ಟಿದೆ, ಎಲ್ಲಿಗೆ ಹೋಗಬೇಕು ಅಂತ. ನಿಮ್ಮ ಆಪ್ ಇನ್ನೊಂದು ಪ್ರಶ್ನೆ ಕೇಳಲಿ: ಕಾರಿನಲ್ಲಿ ಯಾರಿದ್ದಾರೆ?