ಚಿಂತೆಗೂ ಗಾಯಕ್ಕೂ ಏನು ನಂಟು?

ಪ್ರಶ್ನೆ: ಮನಸ್ಸಿಗೆ ನೆಮ್ಮದಿ ಇಲ್ಲದಿದ್ದರೆ ಗಾಯ ಬೇಗ ಮಾಯುವುದಿಲ್ಲ ಎನ್ನುತ್ತಾರೆ. ನಿಜವೇ?

ಉತ್ತರ: ನಿಜ. ಅಮೆರಿಕದ ಸಂಶೋಧಕರು 11 ದಂತವೈದ್ಯ ವಿದ್ಯಾರ್ಥಿಗಳ ಅಂಗುಳಲ್ಲಿ ಎರಡು ಸಲ ಪುಟ್ಟ ಗಾಯ ಮಾಡಿ ನೋಡಿದರು: ಬೇಸಿಗೆ ರಜೆಯಲ್ಲೊಮ್ಮೆ, ಪರೀಕ್ಷೆಗೆ ಮೂರು ದಿನ ಮುಂಚೆ ಇನ್ನೊಮ್ಮೆ. 1998ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಪರೀಕ್ಷೆಯ ಹೊತ್ತಿನ ಗಾಯ ಮಾಯಲು ಸರಾಸರಿ ಮೂರು ದಿನ ಹೆಚ್ಚು ಹಿಡಿಯಿತು.

ಆತಂಕವಾದಾಗ ಮಿದುಳಿನ ಹೈಪೊಥಲಮಸ್ ಪಿಟ್ಯುಟರಿ ಗ್ರಂಥಿಯನ್ನು ಎಚ್ಚರಿಸುತ್ತದೆ. ಅದರ ಹಾರ್ಮೋನು ರಕ್ತದಲ್ಲಿ ಹರಿದು ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳನ್ನು ಮುಟ್ಟಿದಾಗ ಕಾರ್ಟಿಸಾಲ್ ಹೊಮ್ಮುತ್ತದೆ. ಗಾಯದ ಜಾಗಕ್ಕೆ ಬಿಳಿ ರಕ್ತಕಣಗಳನ್ನು ಕರೆಯುವ ಸೈಟೊಕೈನುಗಳನ್ನು ಕಾರ್ಟಿಸಾಲ್ ತಗ್ಗಿಸುತ್ತದೆ. ಹಾಗಾಗಿ ದುರಸ್ತಿಯ ಕೆಲಸ ನಿಧಾನವಾಗುತ್ತದೆ.

ಸಂದೇಶ ಹಿಮ್ಮುಖವಾಗಿಯೂ ಹೋಗುತ್ತದೆ. ಸೋಂಕು ತಗುಲಿದಾಗ ಇದೇ ಸೈಟೊಕೈನುಗಳು ಮಿದುಳಿಗೆ ಸುದ್ದಿ ಮುಟ್ಟಿಸುವುದರಿಂದಲೇ ಜ್ವರ, ಸುಸ್ತು, ಊಟ ಸೇರದಿರುವುದು. ಆಗ ಹೆಚ್ಚುವ ಕಾರ್ಟಿಸಾಲ್ ಉರಿಯೂತ ಮಿತಿಮೀರದಂತೆ ತಡೆಯುತ್ತದೆ. ಆಸ್ತಮಾ, ಸಂಧಿವಾತಕ್ಕೆ ವೈದ್ಯರು ಕಾರ್ಟಿಸಾಲ್‌ನಂಥ ಸ್ಟೀರಾಯ್ಡ್ ಕೊಡುವುದೂ ಈ ಗುಣಕ್ಕಾಗಿಯೇ.

ಹಾಗೆಂದು ಎಲ್ಲವನ್ನೂ ಚಿಂತೆಯ ತಲೆಗೆ ಕಟ್ಟಬೇಡಿ. ಗಾಯ ವಾರಗಟ್ಟಲೆ ಮಾಯದಿದ್ದರೆ ವೈದ್ಯರಿಗೆ ತೋರಿಸಿ, ಸಕ್ಕರೆ ಕಾಯಿಲೆಯ ಪರೀಕ್ಷೆಯನ್ನೂ ಮಾಡಿಸಿ.