ಸರ್ವರ್ ಕಟ್ಟುವ ಬರಹ ಯಾರ ಸ್ವತ್ತು?

ಹಾಸನ ತಾಲ್ಲೂಕಿನ ಶಾಂತಿಗ್ರಾಮ ಹೋಬಳಿ ಕೇಂದ್ರ. ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿ ಟೋಲ್ ಗೇಟ್ ಇದೆ, ಊರಿಗೆ ನಾಡಕಚೇರಿ ಇದೆ. ಟೋಲ್ ಗೇಟಿನಲ್ಲಿ ಕಾರಿನ ಗಾಜಿಗೆ ಅಂಟಿಸಿದ ಫಾಸ್ಟ್ಯಾಗ್ ಅನ್ನು ಯಂತ್ರ ಓದುತ್ತದೆ; ಹಣ ಕಡಿತದ ಲೆಕ್ಕವೆಲ್ಲ ನಡೆಯುವುದು ಎಲ್ಲೋ ದೂರದ ಕಂಪ್ಯೂಟರುಗಳಲ್ಲಿ. ನಾಡಕಚೇರಿಯ ಕತೆಯೂ ಅದೇ. ಪಹಣಿಯಾಗಲಿ, ಜಾತಿ–ಆದಾಯ ಪ್ರಮಾಣಪತ್ರವಾಗಲಿ, ಆ ಕೊಠಡಿಯಲ್ಲಿ ಇರುವುದು ಪರದೆ ಮತ್ತು ಪ್ರಿಂಟರ್ ಮಾತ್ರ. ಆಲೂಗೆಡ್ಡೆ ಬಿತ್ತನೆಯ ಹೊತ್ತಿಗೆ ಸಾಲಕ್ಕೋ ಬೆಳೆ ವಿಮೆಗೋ ಕಾಗದ ಬೇಕೆಂದು ಹೋದವರಿಗೆ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಉತ್ತರ ಕರ್ನಾಟಕದ ಯಾವ ಹೋಬಳಿಯಲ್ಲೂ ಹೊಸದಲ್ಲ. ಇದಕ್ಕೆ ಎರಡು ಕಾರಣಗಳನ್ನು ಎಲ್ಲರೂ ಹೇಳುತ್ತಾರೆ: ಯಂತ್ರಗಳು ಸಾಲವು, ನೆಟ್‌ವರ್ಕ್ ಸರಿಯಿಲ್ಲ. ಎರಡೂ ಆಗೀಗ ನಿಜವೇ. ಆದರೆ ಮೂರನೆಯದೊಂದಿದೆ, ಅದರ ಮಾತನ್ನು ಯಾರೂ ಎತ್ತುವುದಿಲ್ಲ. ಆ ಸರ್ವರುಗಳನ್ನು ಕಟ್ಟಿ ನಿಲ್ಲಿಸುವ ವಿಧಾನ ಯಾರದೋ ಒಬ್ಬರ ತಲೆಯಲ್ಲಿದೆಯೋ, ಅಥವಾ ಯಂತ್ರವೇ ಓದಿ ನಡೆಸಬಲ್ಲ ಬರಹವಾಗಿ ಸಾರ್ವಜನಿಕರ ಕೈಯಲ್ಲಿದೆಯೋ? ಆ ಬರಹ ಬರೆಯುವ ಡೆವಲಪರುಗಳ ಕೆಲಸ ಕೆರೆ ಏರಿ, ರಸ್ತೆಗಳಷ್ಟೇ ಸಾರ್ವಜನಿಕ ಕಾಮಗಾರಿ. ಸರ್ಕಾರ ಅದನ್ನು ಹಾಗೆಯೇ ಕೊಳ್ಳಬೇಕು, ಹಾಗೆಯೇ ತನ್ನಲ್ಲಿ ಇಟ್ಟುಕೊಳ್ಳಬೇಕು ಎಂಬುದು ಈ ಲೇಖನದ ವಾದ.

ಪಹಣಿಯ ಚರಿತ್ರೆಯಿಂದಲೇ ಹೊರಡಬಹುದು. ಒಂದು ಕಾಲಕ್ಕೆ ಅದು ಗ್ರಾಮ ಲೆಕ್ಕಿಗರ ಪುಸ್ತಕದಲ್ಲಿತ್ತು. 2000ನೇ ಇಸವಿಯ ಆಸುಪಾಸಿನಲ್ಲಿ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ ‘ಭೂಮಿ’ ಯೋಜನೆ ಬಂತು. ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ದಾಖಲೆಗಳು ಕಂಪ್ಯೂಟರ್ ಸೇರಿದವು. 177 ತಾಲ್ಲೂಕು ಕಚೇರಿಗಳ ಕಿಂಡಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರತೊಡಗಿತು. ಆಗ ದತ್ತಾಂಶ ಆಯಾ ತಾಲ್ಲೂಕು ಕಚೇರಿಯ ಯಂತ್ರದಲ್ಲೇ ಇರುತ್ತಿತ್ತು. ಹೊಳೆನರಸೀಪುರದ ಕಂಪ್ಯೂಟರ್ ಕೆಟ್ಟರೆ ಅರಕಲಗೂಡಿನವರಿಗೆ ಅದರ ಬಿಸಿ ತಟ್ಟುತ್ತಿರಲಿಲ್ಲ. ಮುಂದೆ ಎಲ್ಲವೂ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಸೇರಿತು. ಇದರಿಂದ ಲಾಭ ಬಹಳ: ಯಾವ ಊರಿನ ಪಹಣಿಯನ್ನೂ ಎಲ್ಲಿಂದಲಾದರೂ ತೆಗೆಯಬಹುದು, ಬ್ಯಾಂಕು ಮತ್ತು ನೋಂದಣಿ ಕಚೇರಿಗಳು ನೇರವಾಗಿ ನೋಡಬಹುದು. ಆದರೆ ಒಂದೆಡೆ ಕೂಡಿಸಿದ ಮೇಲೆ ಅಲ್ಲಿನ ಒಂದು ತಪ್ಪು ಇಡೀ ರಾಜ್ಯದ ತಪ್ಪಾಗುತ್ತದೆ. ಹೀಗಾಗಿ ಆ ಒಂದೆಡೆಯಲ್ಲಿ ಕೆಲಸ ಹೇಗೆ ನಡೆಯುತ್ತದೆ ಎಂಬ ಪ್ರಶ್ನೆ ಶಾಂತಿಗ್ರಾಮದವರ ಪ್ರಶ್ನೆಯೂ ಹೌದು.

ಸರ್ವರ್ ಎಂದರೆ ಪೆಟ್ಟಿಗೆ ತಂದು ಪ್ಲಗ್ ಹಾಕಿದರೆ ಮುಗಿಯಿತು ಎಂದು ಅನ್ನಿಸುವುದು ಸಹಜ. ನಿಜದಲ್ಲಿ ಪೆಟ್ಟಿಗೆ ಬಂದ ಮೇಲೆಯೇ ಕೆಲಸ ಶುರು. ಆಪರೇಟಿಂಗ್ ಸಿಸ್ಟಮ್ ಹಾಕಬೇಕು, ಯಾವ ಆವೃತ್ತಿ ಎಂದು ನಿರ್ಧರಿಸಬೇಕು, ಯಾವ ಬಾಗಿಲು ತೆರೆದಿರಬೇಕು ಯಾವುದು ಮುಚ್ಚಿರಬೇಕು ಎಂದು ಗೊತ್ತುಮಾಡಬೇಕು, ಡೇಟಾಬೇಸ್ ಎಬ್ಬಿಸಬೇಕು, ಅದರ ನಕಲು ಬೇರೆಡೆ ಹೋಗುವಂತೆ ನೋಡಬೇಕು, ಸರ್ವರಿನ ಡಿಜಿಟಲ್ ಪ್ರಮಾಣಪತ್ರವನ್ನು ಅವಧಿ ಮುಗಿಯುವ ಮುನ್ನ ನವೀಕರಿಸಬೇಕು. ಇಂಥ ಹತ್ತಾರು ಯಂತ್ರಗಳು ಸೇರಿ ಒಂದೇ ಯಂತ್ರದಂತೆ ದುಡಿದರೆ ಅದು ಕ್ಲಸ್ಟರ್. ಇಷ್ಟನ್ನೂ ಕೈಯಿಂದ, ಒಂದೊಂದೇ ಆದೇಶ ಟೈಪ್ ಮಾಡುತ್ತ ನಡೆಸಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಷೇರು ವ್ಯವಹಾರ ಸಂಸ್ಥೆ ನೈಟ್ ಕ್ಯಾಪಿಟಲ್ ಸಾಕ್ಷಿ. 2012ರಲ್ಲಿ ಅದರ ಸಿಬ್ಬಂದಿ 8 ಸರ್ವರುಗಳಿಗೆ ಹೊಸ ತಂತ್ರಾಂಶ ಹಾಕುವಾಗ ಒಂದನ್ನು ಬಿಟ್ಟುಬಿಟ್ಟರು. ಇನ್ನೊಬ್ಬರು ಪರೀಕ್ಷಿಸಬೇಕೆಂಬ ಲಿಖಿತ ಕ್ರಮ ಅಲ್ಲಿರಲಿಲ್ಲ. ಆಗಸ್ಟ್ 1ರಂದು ಪೇಟೆ ತೆರೆದಾಗ ಉಳಿದುಹೋದ ಆ ಒಂದು ಸರ್ವರಿನಲ್ಲಿ ಹಳೆಯ ಕೋಡ್ ಜೀವ ತಳೆದು ಬೇಡದ ಷೇರುಗಳನ್ನೆಲ್ಲ ಕೊಳ್ಳುತ್ತ ಮಾರುತ್ತ ಹೋಯಿತು. ಮುಕ್ಕಾಲು ಗಂಟೆಯಲ್ಲಿ 44 ಕೋಟಿ ಡಾಲರಿಗೂ ಹೆಚ್ಚು ನಷ್ಟ. ಅಲ್ಲಿ ಕೊರತೆಯಿದ್ದದ್ದು ಯಂತ್ರಗಳದ್ದೂ ಅಲ್ಲ, ಜಾಣರದ್ದೂ ಅಲ್ಲ.

ಈ ಕಷ್ಟಕ್ಕೆ ಮದ್ದು ಹುಡುಕಿದವರು ಸರ್ವರುಗಳ ಜತೆ ಏಗಿ ಬೇಸತ್ತ ಡೆವಲಪರುಗಳೇ. 1993ರಲ್ಲಿ ಓಸ್ಲೋ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಬರ್ಗೆಸ್ ಸಿಎಫ್‌ಎಂಜಿನ್ ಬರೆದರು. ಬಳಿಕ ಲೂಕ್ ಕೇನೀಸ್ ಅವರ ಪಪೆಟ್, 2012ರಲ್ಲಿ ಮೈಕೆಲ್ ಡಿಹಾನ್ ಅವರ ಆನ್ಸಿಬಲ್, 2014ರಲ್ಲಿ ಮಿಚೆಲ್ ಹಶಿಮೊಟೊ ಅವರ ಕಂಪನಿಯಿಂದ ಟೆರಾಫಾರ್ಮ್, ಅದೇ ವರ್ಷ ಗೂಗಲ್‌ನಿಂದ ಕುಬರ್ನೆಟಿಸ್ ಬಂದವು. ಇವೆಲ್ಲದರ ತಿರುಳು ಒಂದೇ. ‘ಇದನ್ನು ಮಾಡು, ಆಮೇಲೆ ಅದನ್ನು ಮಾಡು’ ಎಂದು ಹೇಳುವ ಬದಲು ‘ಕೊನೆಗೆ ಸ್ಥಿತಿ ಹೀಗಿರಬೇಕು’ ಎಂದು ಒಂದು ಕಡತದಲ್ಲಿ ಬರೆದಿಡುವುದು. ಈ ಸೇವೆಯ 5 ಪ್ರತಿಗಳು ಸದಾ ಓಡುತ್ತಿರಲಿ ಎಂದು ಬರೆದರೆ ಕುಬರ್ನೆಟಿಸ್ ಎಣಿಸುತ್ತಲೇ ಇರುತ್ತದೆ. ಒಂದು ಸತ್ತರೆ ಯಾರನ್ನೂ ಕೇಳದೆ ಇನ್ನೊಂದನ್ನು ಎಬ್ಬಿಸುತ್ತದೆ. ರಾತ್ರಿ ಯಾವ ಹೊತ್ತಿಗೆ ಕರೆಂಟ್ ಬಂದರೂ ಹೊಲದ ಪಂಪ್‌ಸೆಟ್ಟನ್ನು ತಾನೇ ಚಾಲೂ ಮಾಡುವ ಆಟೋಸ್ಟಾರ್ಟರ್ ಕೆಲಸವೇ ಇದು, ಆದರೆ ಸಾವಿರಾರು ಮೋಟಾರುಗಳಿಗೆ ಒಟ್ಟಿಗೆ. ಅದೇ ಕಡತವನ್ನು ಎರಡನೆಯ ಸಲ ಓಡಿಸಿದರೂ ಹಾನಿಯಿಲ್ಲ, ಸರಿಯಿದ್ದುದನ್ನು ಅದು ಮುಟ್ಟುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು, ಕಡತಕ್ಕೆ ಚರಿತ್ರೆಯಿದೆ: ಯಾರು, ಯಾವಾಗ, ಯಾಕೆ ಬದಲಿಸಿದರು ಎಂಬುದು ಸಾಲುಸಾಲಾಗಿ ದಾಖಲಾಗಿರುತ್ತದೆ. ಗೊತ್ತಿದ್ದ ಎಂಜಿನಿಯರ್ ಕೆಲಸ ಬಿಟ್ಟು ಹೋದರೂ ವಿಧಾನ ಉಳಿಯುತ್ತದೆ.

ಮುಟ್ಟಲಾಗದ ಯಂತ್ರವನ್ನು ಬರಹದ ಶಿಸ್ತಿನಿಂದ ನಡೆಸುವ ಕೆಲಸ ಹಾಸನಕ್ಕೆ ಅಪರಿಚಿತವೇನಲ್ಲ. ಸಾಲಗಾಮೆ ರಸ್ತೆಯಲ್ಲಿರುವ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ, ಊರವರ ಬಾಯಲ್ಲಿ ಎಂಸಿಎಫ್, 1982ರಿಂದ ಇದನ್ನೇ ಮಾಡುತ್ತಿದೆ. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹಕ್ಕೆ ಸ್ಕ್ರೂಡ್ರೈವರ್ ಹಿಡಿದು ಯಾರೂ ಹೋಗಲಾರರು. ಮುಂಚಿತವಾಗಿ ಬರೆದು ಪರೀಕ್ಷಿಸಿದ ಆದೇಶವೊಂದೇ ಅದನ್ನು ತಲಪಬಲ್ಲದು. ಆ ವರ್ಷದ ಏಪ್ರಿಲ್‌ನಲ್ಲಿ ಹಾರಿದ ಇನ್ಸಾಟ್–1ಎ ಸೆಪ್ಟೆಂಬರ್ ಹೊತ್ತಿಗೆ ಇಂಧನ ಬರಿದಾಗಿ ಕೈಬಿಟ್ಟುಹೋಯಿತು. ಅಂತರಿಕ್ಷದಲ್ಲಿ ಮುನ್ನೆಣಿಕೆ ತಪ್ಪಿದರೆ ತಿದ್ದಲು ಎರಡನೆಯ ಅವಕಾಶ ಸಿಗುವುದಿಲ್ಲ. 2005ರಲ್ಲಿ ಭೋಪಾಲದಲ್ಲಿ ಇನ್ನೊಂದು ನಿಯಂತ್ರಣ ಕೇಂದ್ರ ಶುರುವಾಯಿತು. ಹಾಸನದಲ್ಲಿ ಏನಾದರೂ ಆದರೆ ಉಪಗ್ರಹಗಳು ಅನಾಥವಾಗಬಾರದು ತಾನೇ. ಕ್ಲೌಡ್ ಸರ್ವರಿನ ವಿಷಯದಲ್ಲೂ ಇವೇ ಎರಡು ನಿಯಮ: ಕೈ ಹಾಕದೆ ಬರೆದು ಪರೀಕ್ಷಿಸಿ ಕಳಿಸು; ಇನ್ನೊಂದು ಊರಿನಲ್ಲಿ ಜೋಡಿ ಇಡು. ಉಪಗ್ರಹಕ್ಕೆ ಸಲ್ಲುವ ಈ ಎಚ್ಚರ ಪಹಣಿಗೆ ಅತಿಯಾಯಿತು ಎನ್ನುವವರು ಒಂದು ಪಹಣಿ ತಪ್ಪಿದ ಕುಟುಂಬವನ್ನು ಕೇಳಿ ನೋಡಬಹುದು.

ಸಾರ್ವಜನಿಕ ಸೇವೆಯಲ್ಲಿ ಇದು ಸಾಧ್ಯವೇ ಎಂಬುದಕ್ಕೆ ಬೆಂಗಳೂರಿನಲ್ಲೇ ಉತ್ತರವಿದೆ. 2003ರಲ್ಲಿ ನಂದನ್ ನಿಲೇಕಣಿ ಮತ್ತು ಶ್ರೀಕಾಂತ್ ನಾದಮುನಿ ಹುಟ್ಟುಹಾಕಿದ ಇ–ಗವರ್ನಮೆಂಟ್ಸ್ ಫೌಂಡೇಶನ್ ನಗರಾಡಳಿತಕ್ಕಾಗಿ ಕಟ್ಟಿದ ಡಿಜಿಟ್ ವೇದಿಕೆ ಮುಕ್ತ ತಂತ್ರಾಂಶ. ಆಸ್ತಿ ತೆರಿಗೆ, ನೀರಿನ ಬಿಲ್ಲು, ದೂರು ದಾಖಲಿಸುವ ಆ್ಯಪ್‌ಗಳ ಕೋಡ್ ಜತೆಗೆ, ಅವನ್ನೆಲ್ಲ ನಿಲ್ಲಿಸುವ ಕ್ಲಸ್ಟರನ್ನು ಕಟ್ಟುವ ಟೆರಾಫಾರ್ಮ್ ಕಡತಗಳೂ ಕುಬರ್ನೆಟಿಸ್‌ಗೆ ಬೇಕಾದ ಹೆಲ್ಮ್ ಚಾರ್ಟ್‌ಗಳೂ ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಕಾಣುವಂತಿವೆ. ಪಂಜಾಬ್ ಇದರ ಮೇಲೆ ತನ್ನ ನಗರ ಸೇವೆಗಳ ಎಂಸೇವಾ ವ್ಯವಸ್ಥೆಯನ್ನು ಕಟ್ಟಿತು. ಇದೇ ಸಂಸ್ಥೆಯ ಡೈವೋಕ್ ಕೋವಿಡ್ ಕಾಲದಲ್ಲಿ ಕೋವಿನ್‌ನ ಲಸಿಕೆ ಪ್ರಮಾಣಪತ್ರಕ್ಕೆ ಆಧಾರವಾಯಿತು. ಶ್ರೀಲಂಕಾ, ಫಿಲಿಪ್ಪೀನ್ಸ್ ಕೂಡ ಅದನ್ನು ಬಳಸಿದವು. ನಮ್ಮ ಮಕ್ಕಳ ಪಠ್ಯಪುಸ್ತಕದ ಕ್ಯೂಆರ್ ಸಂಕೇತದ ಹಿಂದಿರುವ ದೀಕ್ಷಾ ವೇದಿಕೆ 2017ರಲ್ಲಿ ಬಂದದ್ದು. ಅದರ ತಳಪಾಯವಾದ ಸನ್‌ಬರ್ಡ್ ಬೆಂಗಳೂರಿನ ಏಕ್‌ಸ್ಟೆಪ್ ಫೌಂಡೇಶನ್ನಿನದು, ಅದನ್ನು ಸ್ಥಾಪಿಸುವ ಆನ್ಸಿಬಲ್ ಕಡತಗಳೂ ಮುಕ್ತವಾಗಿಯೇ ಇವೆ. ಇಂಥ ಕಡೆ ಒಬ್ಬ ಡೆವಲಪರನ ಕೊಡುಗೆ ಹೊರಗಿನವರಿಗೆ ಸಪ್ಪೆಯೆನಿಸುವುದು ನಿಜ. ಡೇಟಾಬೇಸ್ ಏಳುವ ಮುನ್ನ ಆ್ಯಪ್ ಏಳಬಾರದು ಎಂಬ ಒಂದು ಸಾಲು, ಡಿಸ್ಕ್ ತುಂಬುವ ಮೊದಲೇ ಎಚ್ಚರಿಸುವ ಇನ್ನೊಂದು, ಹೊಸ ಆವೃತ್ತಿಯ ಲಿನಕ್ಸ್‌ನಲ್ಲಿ ಮುರಿದದ್ದರ ದುರಸ್ತಿ, ಹೊಸಬರಿಗೆ ಅರ್ಥವಾಗುವಂತೆ ತಿದ್ದಿದ ಎರಡು ಪುಟ ಸೂಚನೆ. ಇದಕ್ಕೆ ಉದ್ಘಾಟನೆಯಿಲ್ಲ, ರಿಬ್ಬನ್ ಇಲ್ಲ, ಫ್ಲೆಕ್ಸ್ ಅಂತೂ ಇಲ್ಲವೇ ಇಲ್ಲ. ಆದರೆ ಪಂಜಾಬಿನಲ್ಲಿ ಎಡವಿ ಕಂಡುಕೊಂಡ ಪರಿಹಾರ ಆ ಒಂದು ಸಾಲಿನಲ್ಲಿ ಕೂತು ಮುಂದಿನ ರಾಜ್ಯಕ್ಕೆ ಪುಕ್ಕಟೆಯಾಗಿ ತಲಪುತ್ತದೆ.

ಬರಹವಿಲ್ಲದಿದ್ದರೆ ಕೊರತೆ ಕಾಣುವುದು ನೂಕುನುಗ್ಗಲಿನ ದಿನ. 2023ರ ಜೂನ್ 18ರಂದು ಗೃಹಜ್ಯೋತಿ ನೋಂದಣಿ ಆರಂಭವಾದಾಗ ಸೇವಾಸಿಂಧು ಸರ್ವರ್ ಒತ್ತಡಕ್ಕೆ ಸಿಕ್ಕಿ ಜನ ಪರದಾಡಿದ್ದು ನೆನಪಿರಬಹುದು. 200 ಯೂನಿಟ್ ಉಚಿತ ವಿದ್ಯುತ್ತಿಗೆ ರಾಜ್ಯವೇ ಸಾಲು ನಿಲ್ಲುತ್ತದೆ ಎಂಬುದು ಮೊದಲೇ ಗೊತ್ತಿದ್ದ ಸಂಗತಿ. ಕ್ಲಸ್ಟರಿನ ಗಾತ್ರವನ್ನು ಬೇಡಿಕೆ ನೋಡಿ ಹಿಗ್ಗಿಸಿ ಕುಗ್ಗಿಸುವುದು ಈ ಉಪಕರಣಗಳಿಗೆ ದಿನನಿತ್ಯದ ಕೆಲಸ. ಆದರೆ ಅದಕ್ಕೆ ತಂತ್ರಾಂಶವನ್ನು ಮೊದಲಿನಿಂದಲೇ ಹಾಗೆ ಬರೆದಿರಬೇಕು, ಹಿಂದಿನ ವಾರ ಹುಸಿ ನೂಕುನುಗ್ಗಲು ಮಾಡಿ ಪರೀಕ್ಷಿಸಿರಬೇಕು. 2025ರ ಆರಂಭದಲ್ಲಿ ಆಸ್ತಿ ನೋಂದಣಿಯ ಕಾವೇರಿ–2 ತಂತ್ರಾಂಶದ ಮೇಲೆ ಸೈಬರ್ ದಾಳಿ ನಡೆದು ಉಪನೋಂದಣಾಧಿಕಾರಿ ಕಚೇರಿಗಳಲ್ಲಿ ಕೆಲಸ ಅಸ್ತವ್ಯಸ್ತವಾಯಿತು. ಆ ದಾಳಿಯಲ್ಲಿ ಹರಿದುಬಂದಂಥ ಹುಸಿ ಕೋರಿಕೆಗಳ ಮಹಾಪೂರಕ್ಕೆ ಯಾಂತ್ರೀಕರಣವೊಂದೇ ಮದ್ದು ಎಂದರೆ ಅತಿಶಯೋಕ್ತಿ. ಆದರೂ ಬಿದ್ದದ್ದನ್ನು ಬೇರೆಡೆ ಮೊದಲಿನಿಂದ ಕಟ್ಟಲು ಒಂದು ಗಂಟೆ ಸಾಕೋ ಒಂದು ವಾರ ಬೇಕೋ ಎಂಬುದನ್ನು ನಿರ್ಧರಿಸುವುದು ಮಾತ್ರ ಬರಹವೇ.

ಈಗ ಆಕ್ಷೇಪಗಳು. ಯಾಂತ್ರೀಕರಣ ತಪ್ಪನ್ನೂ ಯಾಂತ್ರೀಕರಿಸುತ್ತದೆ ಎಂಬುದು ಮೊದಲನೆಯದು, ಎಲ್ಲಕ್ಕಿಂತ ತೂಕದ್ದೂ ಹೌದು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆಯ ಒಂದು ದೋಷಪೂರಿತ ಕಡತ ತನ್ನಷ್ಟಕ್ಕೇ ಹರಡಿ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ಮಲಗಿದವು; ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಟ್ಟರು. ಕೈಕೆಲಸದಲ್ಲಿ ಇಷ್ಟು ವೇಗದ ಅನಾಹುತ ಆಗುತ್ತಿರಲಿಲ್ಲ ಎಂಬುದನ್ನು ಒಪ್ಪಲೇಬೇಕು. ಆದರೆ ಅಲ್ಲಿ ತಪ್ಪಿದ್ದು ಎಲ್ಲ ಕಡೆಗೂ ಒಂದೇ ಏಟಿಗೆ ಕಳಿಸಿದ್ದು. ಆ ಬಳಿಕ ಸಂಸ್ಥೆ ಹಿಡಿದ ದಾರಿಯೂ ಹಂತಹಂತವಾಗಿ ಬಿಡುಗಡೆ ಮಾಡುವುದೇ. ಚನ್ನರಾಯಪಟ್ಟಣದಲ್ಲಿ ಮೊದಲು ಹಾಕಿ ನೋಡು, ಸರಿಯಿದ್ದರೆ ಜಿಲ್ಲೆಗೆ, ಆಮೇಲೆ ರಾಜ್ಯಕ್ಕೆ ಎಂಬ ನಿಯಮವನ್ನು ಬರಹದಲ್ಲಿ ಸೇರಿಸಬಹುದು. ಅವಸರದಲ್ಲಿರುವ ಮನುಷ್ಯನ ಕೈಗೆ ಕಟ್ಟಲಾಗದು. ತಪ್ಪಾದರೆ ನಿನ್ನೆಯ ಸ್ಥಿತಿಗೆ ಮರಳುವುದೂ ನಿನ್ನೆ ಏನಿತ್ತೆಂದು ಬರೆದಿಟ್ಟವರಿಗೆ ಮಾತ್ರ ಸಾಧ್ಯ.

ಎರಡನೆಯದು: ದೊಡ್ಡ ಕ್ಲೌಡ್ ಕಂಪನಿಗಳಿವೆ, ಕೇಂದ್ರದ ಮೇಘರಾಜ್ ಕ್ಲೌಡ್ 2014ರಿಂದ ಇದೆ, ಅವರಿಗೆ ವಹಿಸಿದರೆ ಸಾಕಲ್ಲವೇ? ಸಾಲದು. ಅವರು ಕೊಡುವುದು ನಿವೇಶನ. ಅದರ ಮೇಲೆ ಏನು ಹೇಗೆ ನಿಲ್ಲಬೇಕೆಂಬ ನಕ್ಷೆ ನಮ್ಮದೇ ಆಗಿರಬೇಕು. ನಕ್ಷೆ ಗುತ್ತಿಗೆದಾರರ ಬಳಿ ಉಳಿದರೆ ಮುಂದಿನ ಟೆಂಡರಿನಲ್ಲಿ ಅವರನ್ನು ಬದಲಿಸುವ ಸ್ವಾತಂತ್ರ್ಯ ಕಾಗದದ ಮೇಲಷ್ಟೇ. ಉಪಕರಣಗಳ ವಿಷಯದಲ್ಲೇ ಇದರ ಪಾಠವಿದೆ. 2023ರ ಆಗಸ್ಟ್‌ನಲ್ಲಿ ಟೆರಾಫಾರ್ಮ್ ಕಂಪನಿ ತನ್ನ ಪರವಾನಗಿಯನ್ನು ಬಿಗಿಗೊಳಿಸಿತು. ಅಲ್ಲಿಯತನಕ ಕೋಡ್ ಮುಕ್ತವಾಗಿದ್ದುದರಿಂದ ಡೆವಲಪರುಗಳು ಕೆಲವೇ ವಾರಗಳಲ್ಲಿ ಅದರಿಂದ ಕವಲೊಡೆದು ಓಪನ್‌ಟೋಫು ಕಟ್ಟಿ ಲಿನಕ್ಸ್ ಫೌಂಡೇಶನ್ನಿನ ಆಶ್ರಯಕ್ಕೆ ತಂದರು. ಮುಚ್ಚಿದ ಕೋಡ್ ಆಗಿದ್ದರೆ ಕಂಪನಿ ಹೇಳಿದ್ದನ್ನು ಕೇಳುವುದೊಂದೇ ದಾರಿ. ಬರಹವನ್ನು ತೆರೆದಿಟ್ಟರೆ ಕಳ್ಳರಿಗೆ ಅನುಕೂಲ ಎಂಬ ಭಯವೂ ಇದೆ. ಪಾಸ್‌ವರ್ಡ್, ಕೀಲಿಗಳು ಈ ಕಡತಗಳಲ್ಲಿ ಇರಲೇಬಾರದು, ಅವನ್ನು ಬೇರೆ ತಿಜೋರಿಯಲ್ಲಿ ಇಡುವುದು ಈ ಕಸುಬಿನ ಮೊದಲ ನಿಯಮ. ನಿಯಮ ಮುರಿದವರು ಸಿಕ್ಕಿಬೀಳುವುದೂ ಬರಹ ತೆರೆದಿದ್ದಾಗಲೇ ಬೇಗ.

ಕೆಲಸ ಹೋಗುತ್ತದೆ ಎಂಬ ಆತಂಕವನ್ನು ಹಗುರವಾಗಿ ತಳ್ಳಿಹಾಕಲಾಗದು. ಸರ್ವರ್ ಎದುರು ಕೂತು ಒಂದೇ ಆದೇಶವನ್ನು ನೂರು ಸಲ ಟೈಪ್ ಮಾಡುವ ಹುದ್ದೆಗಳು ಕಡಿಮೆಯಾಗುವುದು ಖಂಡಿತ. ಅದರ ಬದಲು ಹುಟ್ಟುವ ಕೆಲಸ ಬೆಂಗಳೂರಿಗೆ ಬಸ್ ಹತ್ತದೆಯೂ ಮಾಡಬಹುದಾದದ್ದು. ಎಂಸಿಎಫ್ ಇರುವ ಸಾಲಗಾಮೆ ರಸ್ತೆಯಲ್ಲೇ 1960ರಿಂದ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಇದೆ. ಅಲ್ಲಿನ ವಿದ್ಯಾರ್ಥಿಯೊಬ್ಬಳು ಡಿಜಿಟ್‌ನ ಕಡತ ಇಳಿಸಿಕೊಂಡು, ತನ್ನ ಲ್ಯಾಪ್‌ಟಾಪಿನಲ್ಲಿ ಪುಟ್ಟ ಕ್ಲಸ್ಟರ್ ಎಬ್ಬಿಸಿ, ಕಂಡ ದೋಷವನ್ನು ತಿದ್ದಿ ಕಳಿಸುವುದಕ್ಕೆ ಇವತ್ತು ಯಾರ ಅನುಮತಿಯೂ ಬೇಕಿಲ್ಲ. ಅನುಮತಿ ಬೇಕಿರುವುದು ರಾಜ್ಯ ಸರ್ಕಾರದ ತಂತ್ರಾಂಶಗಳ ವಿಷಯದಲ್ಲಿ. ಸರ್ಕಾರಿ ತಂತ್ರಾಂಶಗಳ ಮೂಲ ಕೋಡ್ ತೆರೆದಿಟ್ಟು ಕೂಡಿ ಅಭಿವೃದ್ಧಿಪಡಿಸಬೇಕೆಂಬ ನೀತಿಯನ್ನು ಕೇಂದ್ರ 2015ರಲ್ಲೇ ಹೊರಡಿಸಿದೆ. ರಾಜ್ಯ ಅದನ್ನು ಒಂದು ಹೆಜ್ಜೆ ಮುಂದೊಯ್ಯಲಿ: ಭೂಮಿ, ಕಾವೇರಿ, ಸೇವಾಸಿಂಧು ಯಾವುದೇ ಇರಲಿ, ಸರ್ವರ್ ಕಟ್ಟುವ ಬರಹವನ್ನು ಇಲಾಖೆಗೆ ಒಪ್ಪಿಸದೆ, ಆ ಬರಹದಿಂದ ಇಡೀ ವ್ಯವಸ್ಥೆಯನ್ನು ಖಾಲಿ ಯಂತ್ರಗಳ ಮೇಲೆ ಮತ್ತೆ ಕಟ್ಟಿ ತೋರಿಸದೆ ಗುತ್ತಿಗೆದಾರರ ಕೊನೆಯ ಬಿಲ್ಲು ಪಾಸಾಗಬಾರದು. ಈ ಒಂದು ಷರತ್ತನ್ನು ಟೆಂಡರಿನಲ್ಲಿ ಸೇರಿಸಿ ಎಂದು ನಿಮ್ಮ ಶಾಸಕರನ್ನು ಕೇಳಿ.